ಫೈಲು ತೆರೆಯುವ ಕೈ

ದಾವಣಗೆರೆಯ ಮಂಡಿಪೇಟೆಯಲ್ಲಿ ಉಜ್ಜನಪ್ಪನವರ ಬಟ್ಟೆ ಅಂಗಡಿ. ಅದರ ಮಹಡಿಯ ಮೇಲೆ ಅವರದೇ ಕಂಪ್ಯೂಟರ್ ಆಫೀಸು. ಕೆಳಗೆ ಸೀರೆ, ಮೇಲೆ ಸಾಫ್ಟ್‌ವೇರ್. ನರ್ಸಿಂಗ್ ಹೋಮು, ಅಕ್ಕಿ ಗಿರಣಿ, ಶಾಲೆ, ಹಾಲಿನ ಸಂಘ, ಯಾರು ಬಂದು ಕೇಳಿದರೂ ಉಜ್ಜನಪ್ಪನವರು ಇಲ್ಲ ಎನ್ನದೆ ಪ್ರೋಗ್ರಾಮು ಬರೆಸಿಕೊಡುತ್ತಿದ್ದರು. ಕಂಪ್ಯೂಟರಿನ ಬಗ್ಗೆ ಅವರಿಗೆ ಗೊತ್ತಿದ್ದದ್ದು ಎರಡೇ ಸಂಗತಿ: ಅದಕ್ಕೆ ಧೂಳು ಆಗದು, ಅದರ ಕೋಣೆಗೆ ಚಪ್ಪಲಿ ಮೆಟ್ಟಿ ಹೋಗಬಾರದು. ಮಿಕ್ಕಿದ್ದನ್ನೆಲ್ಲ ಕೆಲಸದವರಿಗೇ ಬಿಟ್ಟಿದ್ದರು, ಒಂದು ವಿಷಯ ಹೊರತು.

ಆ ಒಂದು ವಿಷಯ ಅವರ ಮನೆತನದ್ದು. ಅವರ ಅಂಗಡಿಯಲ್ಲಿ ಹೊಸ ಪುಸ್ತಕ ತೆಗೆಯುವಾಗ ಸಿಕ್ಕಸಿಕ್ಕವರು ಪೆನ್ನು ಹಿಡಿಯುವಂತಿಲ್ಲ. ಅಲ್ಲಿರುವವರಲ್ಲಿ ವಯಸ್ಸಾದವರು ಮೊದಲ ಹಾಳೆಗೆ ಶ್ರೀಕಾರ ಹಾಕಿ, ಮನೆದೇವರು ಉಕ್ಕಡಗಾತ್ರಿ ಕರಿಬಸವೇಶ್ವರನ ಹೆಸರು ಬರೆದು, ಪುಸ್ತಕ ಯಾತಕ್ಕೆಂದು ಒಂದು ಸಾಲು ಗೀಚಿಕೊಟ್ಟ ಮೇಲೆಯೇ ಉಳಿದವರು ಮುಟ್ಟಬೇಕು. ಪ್ರತಿಯೊಂದು ಪ್ರೋಗ್ರಾಮನ್ನೂ ಹೊಸ ಹೊಸ ಫೈಲಿನಲ್ಲಿ ಶುರು ಮಾಡುತ್ತಾರೆಂಬುದು ತಿಳಿದ ದಿನವೇ ಉಜ್ಜನಪ್ಪನವರು ಈ ಪದ್ಧತಿಯನ್ನು ಮೆಟ್ಟಿಲು ಹತ್ತಿಸಿದರು. ಹಳೆಯ ಫೈಲನ್ನೇ ನಕಲು ಮಾಡಿ ಹೆಸರು ತಿದ್ದಿಕೊಂಡರೆ ಆಯಿತಲ್ಲ ಎಂದವರಿಗೆ, "ಹಳೇ ಪುಸ್ತಕದ ಹಾಳಿ ಹರಿದು ಹೊಸದಕ್ಕ ಅಂಟಿಸ್ತಾರೇನ್ರಿ? ಹೊಸದನ್ನ ಹಿರೇ ಕೈನೇ ತೆರೀಬೇಕು" ಅಂದರು. ಕೇಳಿದವರು ಮುಸಿಮುಸಿ ನಕ್ಕರು. ಸಂಬಳ ಕೊಡುವವರ ಮಾತು, ನಕ್ಕರೂ ಹಾಗೆಯೇ ನಡೆದುಕೊಂಡರು.

ಹಿರೇ ಕೈ ಎಂದರೆ ಗುರುಶಾಂತಮ್ಮ. ಎಲ್ಲರ ಬಾಯಲ್ಲಿ ಶಾಂತಕ್ಕ. ವಯಸ್ಸು ನಲವತ್ತೆರಡು, ಆ ಆಫೀಸಿನ ಕೆಲಸದವರಲ್ಲಿ ಮೂವತ್ತೈದು ದಾಟಿದವರು ಇನ್ನೊಬ್ಬರಿರಲಿಲ್ಲ. ಭಾನುವಳ್ಳಿಗೆ ಮದುವೆಯಾಗಿ ಹೋದವಳು ನಾಲ್ಕೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಹರಿಹರಕ್ಕೆ ಬಂದು ಟೈಪಿಂಗ್ ಕಲಿತಳು. ಕಲಿತಲ್ಲಿಯೇ ಹದಿನಾಲ್ಕು ವರ್ಷ ಕಲಿಸಿದಳು. ಕಂಪ್ಯೂಟರ್ ಬಂದು ಆ ಟೈಪಿಂಗ್ ಶಾಲೆ ಬಾಗಿಲು ಹಾಕಿದಾಗ ಕಂಪ್ಯೂಟರನ್ನು ಬೈಯುತ್ತ ಕೂರದೆ ಅದರ ಮುಂದೆಯೇ ಹೋಗಿ ಕುಳಿತಳು. ತಪ್ಪಿಲ್ಲದೆ ಹೊಡೆಯುವ ಬೆರಳು ಎಂದು ಉಜ್ಜನಪ್ಪನವರು ಕರೆದು ಕೆಲಸ ಕೊಟ್ಟರು.

ಅವಳ ಮೇಜಿನ ಪಕ್ಕದಲ್ಲಿ ಒಂದು ಮರದ ಸ್ಟೂಲು. ಹೊಸ ಫೈಲು ಬೇಕಾದವರು ಬಂದು ಅದರ ಮೇಲೆ ಕೂರಬೇಕು. ಶಾಂತಕ್ಕ ಕೇಳುವುದು ಮೂರೇ ಪ್ರಶ್ನೆ. ಬರೆಯುವವರು ಯಾರು, ಯಾರಿಗೆ ಬರೆಯುತ್ತಿದ್ದೀರಿ, ಅದು ಏನು ಮಾಡುತ್ತದೆ. ಆಮೇಲೆ ನಲವತ್ತು ಸಾಲು ಹೊಡೆದು ಫ್ಲಾಪಿಯಲ್ಲಿ ಹಾಕಿ ಕೊಡುತ್ತಾಳೆ. ಎಲ್ಲಕ್ಕೂ ಮೇಲೆ ಕರಿಬಸವೇಶ್ವರನ ಹೆಸರು. ಅದರ ಆಚೀಚೆ ಒಂದು ಓರೆಗೆರೆ, ಒಂದು ನಕ್ಷತ್ರ ಹಾಕಿದರೆ ಯಂತ್ರ ಆ ಸಾಲನ್ನು ಓದದೆ ದಾಟಿಹೋಗುತ್ತದೆ, ಮರೆತರೆ ಈ ಕರಿಬಸವೇಶ್ವರ ಯಾರು ಎಂದು ತಕರಾರು ತೆಗೆಯುತ್ತದೆ. ಅದರ ಕೆಳಗೆ ಮೂರು ಪ್ರಶ್ನೆಯ ಉತ್ತರ. ಅದರ ಕೆಳಗೆ ಎಲ್ಲ ಪ್ರೋಗ್ರಾಮಿಗೂ ಬೇಕಾಗುವ ಮಾಮೂಲಿ ಸಾಲುಗಳು: ಪ್ರೋಗ್ರಾಮು ಹೊರಡಿಸುವ ಚೀಟಿಯ ತಲೆಯ ಮೇಲೆ ಅಚ್ಚಾಗಬೇಕಾದ ಗಿರಾಕಿಯ ಹೆಸರು, ಕರೆಂಟು ಹೋದರೆ ಅಷ್ಟೊತ್ತಿನ ಕೆಲಸ ಉಳಿಯುವ ಉಪಾಯ, ಇಂಥವು.

ಮೊದಲೆರಡು ಪ್ರಶ್ನೆ ಅರ್ಧ ನಿಮಿಷದ್ದು. ಮೂರನೆಯದೇ ಹತ್ತು ನಿಮಿಷ ತಿನ್ನುತ್ತಿತ್ತು. "ಏನು ಮಾಡ್ತೈತೆ ಇದು? ನನಗ ತಿಳಿಯಂಗ ಹೇಳ್ರಿ" ಎಂದು ಶಾಂತಕ್ಕ ಕೈ ಕಟ್ಟಿ ಕೂತರೆ ಎಂಥ ಬುದ್ಧಿವಂತನೂ ಒಂದು ಕ್ಷಣ ತಡವರಿಸುತ್ತಿದ್ದ. ಒಮ್ಮೆ ಕೊಟ್ಟೂರೇಶ ಬಂದು ಕೂತ. ಅಲ್ಲಿನ ಪ್ರೋಗ್ರಾಮರುಗಳಲ್ಲಿ ಹಳಬ, ಶಾಮನೂರಿನ ಕಡೆಯಿಂದ ಬೈಕಿನಲ್ಲಿ ಬರುವವನು, ಮಾತುಗಾರ. ನರ್ಸಿಂಗ್ ಹೋಮಿನಲ್ಲಿ ಯಾವ ರೋಗಿಗೆ ಯಾವ ಹಾಸಿಗೆ ಎಂದು ಹೇಳುವ ಪ್ರೋಗ್ರಾಮು ಎಂದ.

"ಮನೀಗೆ ಹೋದೋರ ಹಾಸಿಗಿ ಖಾಲಿ ಆತು ಅಂತ ಅದಕ್ಕ ಯಾರು ಹೇಳ್ತಾರ?" ಎಂದಳು ಶಾಂತಕ್ಕ.

ಯಾರೂ ಹೇಳುತ್ತಿರಲಿಲ್ಲ. ಕೊಟ್ಟೂರೇಶನ ಲೆಕ್ಕದ ಪ್ರಕಾರ ಒಮ್ಮೆ ಮಲಗಿದವರು ಆ ಆಸ್ಪತ್ರೆಯಿಂದ ಏಳುವಂತೆಯೇ ಇರಲಿಲ್ಲ. ಹಣೆ ಚಚ್ಚಿಕೊಂಡು ನಕ್ಕ, ಶಾಂತಕ್ಕನೂ ನಕ್ಕಳು, ಆಮೇಲೆ ಮಾತು ಆಸ್ಪತ್ರೆಯಿಂದ ಅವನ ಮಗಳು ಪೂಜಾಳ ಕೆಮ್ಮಿಗೆ ಹೊರಳಿತು. ಸುಷ್ಮಾ ಎಂಬ ಹುಡುಗಿಯದೂ ಇದೇ ಕಥೆ. ಫೈಲಿಗೆಂದು ಬಂದು ಕೂತವಳು ರಾಣೆಬೆನ್ನೂರಿನಿಂದ ತನ್ನನ್ನು ನೋಡಲು ಬಂದ ಗಂಡಿನ ವಿಷಯವನ್ನೆಲ್ಲ ಹೇಳಿಯೇ ಏಳುತ್ತಿದ್ದಳು. ದಿನಕ್ಕೆ ಆರೇಳು ಸಲ ಯಾರಾದರೊಬ್ಬರು ಆ ಸ್ಟೂಲಿನ ಮೇಲೆ ಇದ್ದೇ ಇರುತ್ತಿದ್ದರು.

ಇದು ಶಾಂತಕ್ಕನಿಗೆ ಎಂಥ ದೊಡ್ಡ ಮಾತು ಎಂಬುದು ತಿಳಿಯಬೇಕಾದರೆ ಅವಳ ಹರಿಹರದ ಮನೆ ನೋಡಬೇಕು. ದೇವಸ್ಥಾನದ ರಸ್ತೆಯಲ್ಲಿ ಅಕ್ಕನಾಗಮ್ಮನವರ ಮನೆಯ ಮೇಲೆ ಒಂದು ಕೋಣೆ. ಅಕ್ಕನಾಗಮ್ಮ ಒಳ್ಳೆಯವರೇ, ಆದರೆ ಕಿವಿ ಹೋಗಿ ಐದಾರು ವರ್ಷವಾಗಿತ್ತು. ಅವರ ಜೊತೆ ಮಾತಾಡಬೇಕಾದರೆ ಬೀದಿಗೆಲ್ಲ ಕೇಳುವಂತೆ ಕೂಗಬೇಕು, ಮತ್ತು ಮನಸ್ಸಿನೊಳಗಿನ ಮಾತನ್ನು ಯಾರು ತಾನೇ ಕೂಗಿ ಹೇಳುತ್ತಾರೆ? ಶನಿವಾರ ಸಂಜೆ ಬಸ್ಸಿಳಿದರೆ ಸೋಮವಾರ ಬೆಳಿಗ್ಗೆ ಬಸ್ಸು ಹತ್ತುವವರೆಗೆ ಶಾಂತಕ್ಕನ ಬಾಯಿಗೆ ಕೆಲಸವಿಲ್ಲ. ಬೇಡದ ಬದನೆಕಾಯಿಗೆ ದರ ಕೇಳಿ, ಚೌಕಾಸಿ ಮಾಡಿ, ಬರಿಗೈಯಲ್ಲಿ ಬಂದದ್ದುಂಟು. ಒಂದು ಸೋಮವಾರ "ದಾವಣಗೆರಿ ಒಂದು ಕೊಡ್ರಿ" ಎನ್ನಲು ಹೋದರೆ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ಕಂಡಕ್ಟರು ನೆಗಡಿಯೇನ್ರಿ ಎಂದು ಕೇಳಿದ. ಹೌದೆಂದು ತಲೆಯಾಡಿಸಿದಳು. ನೆಗಡಿಯಲ್ಲ, ಮೂವತ್ತಾರು ಗಂಟೆ ಯಾರೊಂದಿಗೂ ಮಾತಾಡಿಲ್ಲ ಎಂದು ಕಂಡಕ್ಟರಿಗೆ ಹೇಳುವುದು ಹೇಗೆ?

ಅವಳ ಬದುಕಿನಲ್ಲಿ ಮಾತು ಎಂಬುದೇನಾದರೂ ಇದ್ದರೆ ಅದು ಆ ಸ್ಟೂಲಿನ ಮೇಲಿತ್ತು. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ತೊಂಬತ್ತೆಂಟರ ಬೇಸಿಗೆಯಲ್ಲಿ ಒಟ್ಟಿಗೆ ಎರಡು ಸಂಗತಿ ನಡೆದವು. ಉಜ್ಜನಪ್ಪನವರಿಗೆ ಅರವತ್ತು ಹಾಲಿನ ಸಂಘಗಳ ಕೆಲಸ ಸಿಕ್ಕಿತು, ಆಫೀಸಿಗೆ ಪ್ರಶಾಂತ ಸೇರಿದ. ಇಂಜಿನಿಯರಿಂಗ್ ಮುಗಿಸಿ ಬಂದ ಹುಡುಗ, ಕೆಟ್ಟವನಲ್ಲ, ತಾಳ್ಮೆ ಮಾತ್ರ ಕಾಲೇಜಿನಲ್ಲೇ ಮರೆತು ಬಂದಿದ್ದ. ಅರವತ್ತು ಸಂಘ ಎಂದರೆ ನೂರಾರು ಹೊಸ ಫೈಲು. ಸ್ಟೂಲಿನ ಹಿಂದೆ ಸಾಲು ನಿಂತಿತು. ಮುಂದಿದ್ದ ಕೊಟ್ಟೂರೇಶ ತನ್ನ ಮಗಳನ್ನು ಯಾವ ಶಾಲೆಗೆ ಹಾಕಬೇಕೆಂದು ವಿವರಿಸುತ್ತಿದ್ದರೆ ಹಿಂದೆ ಪ್ರಶಾಂತ ಗಡಿಯಾರ ನೋಡುತ್ತಿದ್ದ.

"ಸಾರ್, ಈ ನಲವತ್ತು ಸಾಲು ಕಂಪ್ಯೂಟರೇ ಹಾಕ್ಕೊಳ್ಳಂಗೆ ಮಾಡಬಹುದು. ಅರ್ಧ ದಿನದ ಕೆಲ್ಸ" ಎಂದ ಒಂದು ದಿನ ಉಜ್ಜನಪ್ಪನವರ ಎದುರಿಗೇ. "ಹೆಸರು ಕೇಳೋದು, ಫೈಲು ಹುಟ್ಟಿಸೋದು. ಶಾಂತಕ್ಕಾರು ಇಲ್ಲೀತನಕ ಕೈಲೆ ಮಾಡಿದ್ದೇ ಹೆಚ್ಚು."

ಉಜ್ಜನಪ್ಪನವರು ಗಡ್ಡ ಕೆರೆದುಕೊಂಡರು. ಪದ್ಧತಿ ಒಂದು ಕಡೆ, ಅರವತ್ತು ಸಂಘ ಒಂದು ಕಡೆ. ಕೊನೆಗೆ ಅರವತ್ತೇ ಭಾರವಾಯಿತು. "ಮಾಡು ಹಂಗಾರ" ಎಂದರು.

"ನಾ ಮಾಡ್ತೀನ್ರಿ" ಎಂಬ ಮಾತು ಕೇಳಿ ಎಲ್ಲರೂ ತಿರುಗಿ ನೋಡಿದರು. ಹೇಳಿದವಳು ಶಾಂತಕ್ಕ. ತನ್ನ ದನಿ ಕೇಳಿ ಅವಳಿಗೇ ಆಶ್ಚರ್ಯವಾಗಿತ್ತು.

ಅವಳಿಗೆ ಪ್ರೋಗ್ರಾಮು ಬರೆಯಲು ಬರುತ್ತಿತ್ತೇ ಎಂದರೆ, ಬರುತ್ತಿತ್ತು. ಎರಡು ವರ್ಷದಿಂದ ಬೆರಳ ಕೆಳಗೆ ಹಾದುಹೋದದ್ದನ್ನು ಓದದೆ ಹೊಡೆಯುವ ಪೈಕಿ ಅವಳಲ್ಲ. ಆದರೆ ಅವಳು ಮುಂದೆ ಬಿದ್ದದ್ದು ಜಾಣತನ ತೋರಿಸಲಿಕ್ಕಲ್ಲ. ಪ್ರಶಾಂತ ಮಾಡಿದರೆ ಹೆಸರು ಕೇಳಿ ಬಿಟ್ಟುಬಿಡುತ್ತಾನೆ, ತಾನು ಮಾಡಿದರೆ ತನ್ನ ಪ್ರಶ್ನೆಗಳಾದರೂ ಉಳಿಯುತ್ತವೆ ಎಂಬ ಆಸೆ. ಇನ್ನೊಂದು ಆಸೆಯೂ ಇತ್ತು. ಪ್ರೋಗ್ರಾಮರ್ ಎನಿಸಿಕೊಂಡರೆ ಇವರೆಲ್ಲ ಫೈಲಿಗೆಂದು ಅಲ್ಲ, ತನಗೆಂದೇ ಬಂದು ಕೂರಬಹುದು. ಒಂಟಿಯಾದವರು ಲೆಕ್ಕ ಹಾಕುವುದೇ ಹೀಗೆ, ಎಲ್ಲ ದಾರಿಯೂ ತಮ್ಮ ಮನೆಬಾಗಿಲಿಗೇ ಬಂದು ಮುಟ್ಟುತ್ತದೆ.

ಹದಿನೆಂಟು ದಿನ ಬೆಳಗಿನ ಏಳರ ಬಸ್ಸಿಗೆ ಬಂದು, ಆಫೀಸು ತೆರೆಯುವ ಮುಂಚೆ ಕೂತು ಬರೆದಳು. ಪ್ರೋಗ್ರಾಮಿಗೆ 'ಹೊಸ' ಎಂದು ಹೆಸರಿಟ್ಟಳು. ಆ ಪರದೆಗೆ ಕನ್ನಡ ಲಿಪಿ ಬಾರದು, ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕೂಡಿಸಿದಳು. 'ಹೊಸ' ಎಂದು ಹೊಡೆದು ಕೀಲಿ ಒತ್ತಿದರೆ ಪರದೆಯ ಮೇಲೆ "ಬರ್ರಿ, ಕೂಡ್ರಿ" ಎಂದು ಮೂಡುತ್ತಿತ್ತು. ಆಮೇಲೆ "ಯಾರು?" ಆಮೇಲೆ "ಯಾರಿಗೆ?" ಕೊನೆಗೆ "ಏನು ಮಾಡ್ತೈತೆ ಇದು? ಸಾವಕಾಶ ಹೇಳ್ರಿ" ಎಂದು ಕೇಳಿ, ಉತ್ತರ ಬರೆಯಲು ಹನ್ನೆರಡು ಸಾಲು ಜಾಗ ಬಿಟ್ಟು ಕಾಯುತ್ತಿತ್ತು. ಉತ್ತರ ಮುಗಿದ ಮರುಕ್ಷಣ ಕರಿಬಸವೇಶ್ವರನಿಂದ ಹಿಡಿದು ನಲವತ್ತನೇ ಸಾಲಿನವರೆಗೆ ಒಂದೂ ತಪ್ಪಿಲ್ಲದ ಫೈಲು ಸಿದ್ಧ.

ತೋರಿಸಿದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಶಾಂತನೇ ಎಲ್ಲರಿಗಿಂತ ಜೋರಾಗಿ ತಟ್ಟಿದ. ಉಜ್ಜನಪ್ಪನವರು ಪೇಡೆ ತರಿಸಿ, "ಹಿರೇ ಕೈ ಅಂದ್ರ ಹಿರೇ ಕೈನೇ. ಇವತ್ತಿಂದ ಶಾಂತಮ್ಮಾರೂ ಪ್ರೋಗ್ರಾಮರ್ರು" ಎಂದು ಸಾರಿದರು. ಕಿಟಕಿ ಪಕ್ಕದ ಒಳ್ಳೆಯ ಕಂಪ್ಯೂಟರನ್ನು ಅವಳಿಗೆ ಕೊಟ್ಟರು. ಅದು ಒಳಕೋಣೆಯಲ್ಲಿತ್ತು. ಅಲ್ಲಿ ಸ್ಟೂಲಿಗೆ ಜಾಗವಿರಲಿಲ್ಲವಾಗಿ ಅದನ್ನು ಹೊರಗೆ ನೀರಿನ ಮಡಕೆಯ ಕೆಳಗೆ ಇಟ್ಟರು.

ಮೊದಲ ವಾರ ಜನ ಬಂದರು, ದೂರು ಹಿಡಿದುಕೊಂಡು. "ಶಾಂತಕ್ಕ, ಬರ್ರಿ ಕೂಡ್ರಿ ಅನ್ನೋದು ಯಾಕ್ರಿ? ಕೂತೇ ಇರ್ತೀವಲ್ಲ" ಎಂದ ಪ್ರಶಾಂತ. ತೆಗೆದಳು. ಹನ್ನೆರಡು ಸಾಲು ಜಾಗ ನೋಡಿದರೆ ಪರೀಕ್ಷೆ ಬರೆದಂತಾಗುತ್ತದೆ ಎಂದಳು ಸುಷ್ಮಾ. ಒಂದು ಸಾಲಿಗೆ ಇಳಿಸಿದಳು. 'ಸಾವಕಾಶ ಹೇಳ್ರಿ' ಎಂಬುದು ಪರದೆಯ ಅಂಚಿಗೆ ತಾಗುತ್ತದೆ ಎಂದ ಕೊಟ್ಟೂರೇಶ. ಅದನ್ನೂ ತೆಗೆದಳು. ಉಳಿದದ್ದು ಮೂರು ಮಾತು: ಯಾರು, ಯಾರಿಗೆ, ಏನು. ತಿದ್ದಲು ಇನ್ನೇನೂ ಇಲ್ಲವಾದಾಗ ದೂರುಗಳೂ ನಿಂತವು, ದೂರಿನ ಜೊತೆ ಬರುವ ಜನರೂ ನಿಂತರು.

ಆಗ ಶಾಂತಕ್ಕ ಒಂದು ಸಣ್ಣ ಕೆಲಸ ಮಾಡಿದಳು, ಹೇಳಿಕೊಳ್ಳುವಂಥದ್ದಲ್ಲ. ಪ್ರೋಗ್ರಾಮಿನಲ್ಲಿ ಬೇಕೆಂದೇ ಒಂದು ಐಬು ಇಟ್ಟಳು. ಗಿರಾಕಿಯ ಹೆಸರು ಇಪ್ಪತ್ತು ಅಕ್ಷರ ಮೀರಿದರೆ ಯಂತ್ರ ಮುಷ್ಕರ ಹೂಡುವಂತೆ. ಹಾಲಿನ ಸಂಘಗಳ ಹೆಸರೋ ಒಂದೊಂದೂ ಗಜದುದ್ದ. ನಾಲ್ಕು ದಿನ ಹೊರಗಿನಿಂದ "ಶಾಂತಕ್ಕಾ" ಎಂಬ ಕರೆ ಕೇಳಿಬರುತ್ತಲೇ ಇತ್ತು, ಅವಳು ಎದ್ದು ಹೋಗಿ, ಪಕ್ಕ ನಿಂತು, ಸರಿ ಮಾಡಿ, ಎರಡು ಮಾತಾಡಿ ಬರುತ್ತಿದ್ದಳು. ಐದನೇ ದಿನ ಕರೆ ಬರಲಿಲ್ಲ. ಪ್ರಶಾಂತ ಅದನ್ನು ಎರಡು ನಿಮಿಷದಲ್ಲಿ ತಾನೇ ಸರಿಪಡಿಸಿದ್ದ. "ನಿಮಗ್ಯಾಕ ಸುಮ್ನೆ ತೊಂದ್ರೆ ಅಂತ" ಎಂದ ಮಧ್ಯಾಹ್ನ, ಬಹಳ ಒಳ್ಳೆಯ ಮನಸ್ಸಿನಿಂದ. ಶಾಂತಕ್ಕನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಆಮೇಲೆ ತಿಂಗಳುಗಟ್ಟಲೆ ಒಳಕೋಣೆಯಲ್ಲಿ ಅವಳೊಬ್ಬಳೇ. ಕೆಲಸವಿತ್ತು, ಅಕ್ಕಿ ಗಿರಣಿಯದೊಂದು ಪ್ರೋಗ್ರಾಮು ಬರೆಯುತ್ತಿದ್ದಳು. ಎದುರಿನ ಹೋಟೆಲಿನ ರಜಾಕ್ ಚಹಾ ಇಟ್ಟು ಹೋಗುತ್ತಿದ್ದ. ಸುಷ್ಮಾಳ ಮದುವೆ ಗೊತ್ತಾದದ್ದು ಅವಳಿಗೆ ತಿಳಿದದ್ದು ಲಗ್ನಪತ್ರಿಕೆ ಕೈಗೆ ಬಂದ ಮೇಲೆ. ಪತ್ರಿಕೆಯನ್ನು ಎರಡು ಸಲ ಓದಿದಳು, ಗಂಡಿನ ಊರು ರಾಣೆಬೆನ್ನೂರೇ. ಆ ಹುಡುಗನ ಬಗ್ಗೆ ಮೊದಲ ಮಾತು ಕೇಳಿದವಳು ತಾನು, ಕೊನೆಯ ಮಾತು ಅಚ್ಚಾಗಿ ಬಂತು. ಸಂಕಟವಾಯಿತು. ಆದರೆ ಯಾರನ್ನು ಬೈಯುವುದು? ಫೈಲು ಹುಟ್ಟಿಸುವ ಯಂತ್ರ ಅವಳದೇ.

ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ಪ್ರಶಾಂತ ಒಳಕೋಣೆಗೆ ಬಂದ. ಬಂದವನು ಕುರ್ಚಿಯನ್ನೇ ಎಳೆದುಕೊಂಡು ಕೂತ. ಶಾಂತಕ್ಕನಿಗೆ ಏನು ಮಾತಾಡಲಿ ಎಂದು ತೋಚದಷ್ಟು ಹಿಗ್ಗಾಯಿತು.

"ಅಕ್ಕಾರ, ನಿಮ್ಮ 'ಹೊಸ'ಕ್ಕೆ ಒಂದು ಸಣ್ಣದು ಸೇರಿಸ್ಲೇನ್ರಿ? ಎಲ್ಲಾರೂ ಕೇಳ್ತಾ ಅದಾರ. ಏನೂ ಬರೀದೆ ಕೀಲಿ ಒತ್ತಿದ್ರೆ ಹಿಂದಿನ ಫೈಲಿನ ಉತ್ತರನೇ ತಗೊಳ್ಳಂಗೆ. ಒಂದೇ ಸಂಘಕ್ಕೆ ಹತ್ತು ಫೈಲು ಮಾಡಾಗ ಹತ್ತು ಸಲ ಹೆಸರು ಹೊಡೀಬೇಕು ನೋಡ್ರಿ."

ಇನ್ನೊಂದು ದಿನವಾಗಿದ್ದರೆ ಅವಳು ಕೈ ಕಟ್ಟಿ ಕೂತು, ಗಿರಾಕಿ ಬದಲಾದದ್ದು ಅದಕ್ಕೆ ಯಾರು ಹೇಳುತ್ತಾರೆ ಎಂದು ಕೇಳುತ್ತಿದ್ದಳು. ಆವತ್ತು ಕೇಳಲಿಲ್ಲ. ಬೇಡವೆಂದರೆ ಎದ್ದು ಹೋದಾನು ಎಂಬ ಅಂಜಿಕೆಯೊಂದೇ ಅವಳ ತಲೆಯಲ್ಲಿತ್ತು. "ಸೇರಿಸಪ್ಪ, ಅದಕ್ಕೇನು. ನಿಮ್ಮನೆಯಾಗ ಎಲ್ಲಾ ಆರಾಮೇನು?" ಎಂದಳು. ಆರಾಮ್ರಿ ಎಂದು ಪ್ರಶಾಂತ ಎದ್ದೇಬಿಟ್ಟ. ಒಟ್ಟು ಎರಡು ನಿಮಿಷವೂ ಆಗಿರಲಿಲ್ಲ.

ಅದರ ಫಲ ಸಂಕ್ರಾಂತಿಯ ಮಗ್ಗುಲಲ್ಲಿ ಮೆಟ್ಟಿಲು ಹತ್ತಿ ಬಂತು. ಹರಿಹರ ತಾಲ್ಲೂಕಿನ ಒಂದು ಹಳ್ಳಿಯ ಹಾಲಿನ ಸಂಘದ ಕಾರ್ಯದರ್ಶಿ ವಾಮದೇವಪ್ಪ, ಕೈಯಲ್ಲಿ ಒಂದು ಹಿಡಿ ಚೀಟಿ. ಹಾಲು ಹಾಕಿದವರಿಗೆ ಹೊತ್ತು ಹೊತ್ತಿಗೆ ಕೊಡುವ ಚೀಟಿ ಅವು. ಕೆಳಗೆ ರೈತನ ಹೆಸರು, ಬೆಳಿಗ್ಗೆಯೋ ಸಂಜೆಯೋ, ಎಷ್ಟು ಲೀಟರು, ಎಲ್ಲ ಸರಿ. ತಲೆಯ ಮೇಲೆ ಮಾತ್ರ ದಾವಣಗೆರೆಯ ಒಂದು ಹೆರಿಗೆ ಆಸ್ಪತ್ರೆಯ ಹೆಸರು.

"ನಾಕು ದಿನದಿಂದ ನಮ್ಮೂರ ಎಮ್ಮಿ ಎಲ್ಲಾ ಹೆರಿಗಿ ವಾರ್ಡಿನಾಗ ಅದಾವ ನೋಡ್ರಿ" ಎಂದರು ವಾಮದೇವಪ್ಪ, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ. "ಎಂಬತ್ತು ವರ್ಷದ ಮುದುಕರಿಗೆ ಚೀಟಿ ಕೊಟ್ರ ಹೆರಿಗಿ ಆತೇನು ಅಂತ ಹುಡುಗ್ರು ಕೇಳಾಕ ಹತ್ಯಾವ. ನಾ ಸಂಘದ ಬಾಗಿಲು ತೆಗಿಯಂಗಿಲ್ಲದಂಗ ಆಗೈತೆ."

ಆಸ್ಪತ್ರೆಯ ಕೆಲಸ ಮಾಡಿದವನೇ ಆಮೇಲೆ ಸಂಘದ ಫೈಲು ಹುಟ್ಟಿಸಿದ್ದ, 'ಯಾರಿಗೆ' ಎಂದು ಕೇಳಿದಾಗ ಓದದೆ ಕೀಲಿ ಒತ್ತಿದ್ದ. ಯಾರೆಂದು ಹುಡುಕಿದರೆ ಕೊಟ್ಟೂರೇಶ. ಅವನೊಬ್ಬನೇ ಏನಲ್ಲ, ಫೈಲುಗಳನ್ನೆಲ್ಲ ತೆರೆದು ನೋಡಿದರೆ 'ಏನು' ಎಂಬುದರ ಮುಂದೆ ಎರಡು ತಿಂಗಳಿಂದ ಒಂದೇ ಉತ್ತರ ಉದ್ದಕ್ಕೂ ಹರಿದುಬಂದಿತ್ತು: ಹಾಸಿಗೆ ಖಾಲಿ ಇದೆಯೇ ನೋಡುವುದು. ಗಿರಣಿಯ ಅಕ್ಕಿ, ಶಾಲೆಯ ಹಾಜರಿ, ಹಾಲಿನ ಕೊಬ್ಬು, ಎಲ್ಲವೂ ಹಾಸಿಗೆ ಖಾಲಿ ಇದೆಯೇ ಎಂದು ನೋಡುತ್ತಿದ್ದವು. ಶಾಂತಕ್ಕ ಆ ಸಾಲುಗಳನ್ನು ನೋಡುತ್ತ ಕೂತಳು. ಅವಳ ಪ್ರಶ್ನೆಗೆ ಇನ್ನೂರು ಸಲ ಯಾರೂ ಉತ್ತರ ಕೊಟ್ಟಿರಲಿಲ್ಲ.

ಉಜ್ಜನಪ್ಪನವರು ವಾಮದೇವಪ್ಪನವರ ಕೈ ಹಿಡಿದು ಸಮಾಧಾನ ಮಾಡಿ ಕಳಿಸಿ, ಮೇಲೆ ಬಂದು ಎಲ್ಲರನ್ನೂ ಕರೆದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಪದ್ಧತಿ ಬಿಟ್ಟೆ, ತಪ್ಪು ನಂದೇ. ಸೋಮವಾರದಿಂದ ಆ ಮಷೀನಿಂದು ಬ್ಯಾಡ. ಯಾರಿಗೆ ಹೊಸ ಫೈಲು ಬೇಕೋ ಮೊದಲಿನಂಗ ಶಾಂತಮ್ಮಾರ ಹತ್ರ ಹೋಗ್ರಿ. ತಡ ಆದ್ರ ಆಗ್ಲಿ" ಎಂದರು.

ಶಾಂತಕ್ಕ ಮಾಡಿದ ಯಂತ್ರವನ್ನು ಮೂಲೆಗೆ ಹಾಕಿದ ದಿನ ಅದು. ಹದಿನೆಂಟು ದಿನ ಬೆಳಗಿನ ಬಸ್ಸಿಗೆ ಬಂದು ಬರೆದದ್ದು. ಪ್ರೋಗ್ರಾಮರ್ ಎಂಬ ಹೆಸರೂ ಅದರ ಜೊತೆಗೇ ಹೋದ ಹಾಗೆ. ಬೇರೆ ಯಾರಾದರೂ ಆಗಿದ್ದರೆ ಮೆಟ್ಟಿಲಿಳಿಯುವಾಗ ಕಣ್ಣೊರೆಸಿಕೊಳ್ಳುತ್ತಿದ್ದರು. ಶಾಂತಕ್ಕ ನಗು ಅದುಮಿಕೊಂಡು ಇಳಿದಳು. ವಾಮದೇವಪ್ಪನವರ ಎಮ್ಮೆಗಳಿಗೆ ಮನಸ್ಸಿನಲ್ಲೇ ಕೈ ಮುಗಿದಳು. ಇಷ್ಟು ಸ್ವಾರ್ಥ ಒಳ್ಳೆಯದಲ್ಲ ಎಂದು ತನಗೆ ತಾನೇ ಹೇಳಿಕೊಂಡಳು, ಹೇಳಿಕೊಂಡು ಮತ್ತೆ ನಕ್ಕಳು.

ಆ ಭಾನುವಾರ ಅವಳಿಗೆ ಭಾರವಾಗಲಿಲ್ಲ. ಶೇಂಗಾ ಹುರಿದು ಚಟ್ನಿಪುಡಿ ಕುಟ್ಟಿದಳು, ಆಫೀಸಿನವರಿಗೆಲ್ಲ ಆಗುವಷ್ಟು. ಅಕ್ಕನಾಗಮ್ಮನವರಿಗೆ ರುಚಿ ನೋಡಲು ಕೊಟ್ಟು, "ನಾಳಿಂದ ನನಗ ಕೆಲಸ ಜಾಸ್ತಿ" ಎಂದು ಬೀದಿಗೆ ಕೇಳುವಂತೆ ಕೂಗಿ ಹೇಳಿದಳು. ಬಾಕಿ ಉಳಿದ ಮಾತುಗಳನ್ನೆಲ್ಲ ಮನಸ್ಸಿನಲ್ಲಿ ಒಂದೊಂದಾಗಿ ಎತ್ತಿಟ್ಟುಕೊಂಡಳು. ಕೊಟ್ಟೂರೇಶನ ಮಗಳು ಕೊನೆಗೆ ಯಾವ ಶಾಲೆ ಸೇರಿದಳು? ಪ್ರಶಾಂತನ ಊರು ಯಾವುದು? ಅದನ್ನೇ ಅವಳು ಇಷ್ಟು ದಿನ ಕೇಳಿರಲಿಲ್ಲ. ಸುಷ್ಮಾ ಗಂಡನ ಮನೆಗೆ ಹೋಗಿ ಅವಳ ಜಾಗಕ್ಕೆ ಗುರುಮೂರ್ತಿ ಎಂಬ ಹುಡುಗ ಬಂದಿದ್ದ, ಅವನ ದನಿಯನ್ನೇ ಕೇಳಿರಲಿಲ್ಲ.

ಸೋಮವಾರ ಎಲ್ಲರಿಗಿಂತ ಮೊದಲು ಬಂದು, ಮಡಕೆ ಇಳಿಸಿ ಸ್ಟೂಲನ್ನು ಬಿಡಿಸಿಕೊಂಡಳು. ಮಡಕೆಯ ನೀರು ಕುಡಿದು ಅದರ ಹಲಗೆ ಕಪ್ಪಾಗಿತ್ತು. ಉಜ್ಜಿ ತೊಳೆದು, ಬಿಸಿಲಿಗಿಟ್ಟು, ಹಳೆಯ ಜಾಗದಲ್ಲಿ ಹಳೆಯ ಮೇಜಿನ ಪಕ್ಕ ತಂದಿಟ್ಟಳು.

ಹತ್ತೂವರೆಗೆ ಪ್ರಶಾಂತ ಬಂದ. ಮೇಜಿನ ಮುಂದೆ ನಿಂತ. "ಪ್ರಶಾಂತ. ಅಕ್ಕಿ ಗಿರಣಿ. ಚೀಲದ ತೂಕ ಬರಕೊಳ್ಳೋದು" ಎಂದ. ಮೂರನ್ನೂ ಒಂದೇ ಉಸಿರಿಗೆ, ಅವಳು ಒಂದನ್ನೂ ಕೇಳುವ ಮುಂಚೆ. ಅವಳು ಕೂಡ್ರಿ ಎಂದಳು. "ಇರ್ಲಿ ಬಿಡ್ರಿ" ಎಂದು ಕಿಟಕಿಯ ಕಡೆ ನೋಡುತ್ತ, ಅವಳ ಬೆರಳು ನಿಲ್ಲುವುದನ್ನೇ ಕಾಯ್ದು, ಫೈಲು ತಗೊಂಡು ಹೋದ.

ಹೊಸಬ ಗುರುಮೂರ್ತಿಯೂ ಬಂದ. ಅವನು ಯಂತ್ರದ ಮುಂದೆಯೇ ಕೆಲಸ ಕಲಿತವನು, ಸ್ಟೂಲು ಯಾತಕ್ಕಿದೆ ಎಂದೇ ಅವನಿಗೆ ಗೊತ್ತಿರಲಿಲ್ಲ. ಅದರ ಮೇಲೆ ಕೈಯಲ್ಲಿದ್ದ ಕಾಗದ ಇಟ್ಟು, "ಗುರುಮೂರ್ತಿ. ಶಾಲೆ. ಹಾಜರಿ" ಎಂದ. "ಹಾಜರಿ ಅಂದ್ರ ಹೆಂಗೆ? ತಡ ಆಗಿ ಬಂದ ಹುಡುಗ್ರುದ್ದು?" ಎಂದು ಅವಳು ಕೇಳಿದ್ದಕ್ಕೆ ಅವನು ಗಾಬರಿಯಾಗಿ, "ಅಷ್ಟೇ ರೀ, ಹಾಜರಿ" ಎಂದ. ಅವಳು ಅಷ್ಟನ್ನೇ ಹೊಡೆದುಕೊಟ್ಟಳು. ಹೊಸ ಹುಡುಗ, ಸಂಕೋಚ, ನಾಲ್ಕು ದಿನದಲ್ಲಿ ಸರಿಹೋಗುತ್ತಾನೆ ಎಂದು ಸಮಾಧಾನ ಮಾಡಿಕೊಂಡಳು. ಕೊಟ್ಟೂರೇಶ ಇದ್ದಾನಲ್ಲ. ಅವನು ಬಂದು ಕೂತರೆ ಅರ್ಧ ಗಂಟೆ ಏಳುವುದಿಲ್ಲ.

ಊಟದ ಹೊತ್ತಿನಲ್ಲಿ ಉಳಿದವರು ಬೇರೆ ಕೋಣೆಯಲ್ಲಿ ಡಬ್ಬಿ ಬಿಚ್ಚಿದ ಸದ್ದು ಕೇಳಿಸಿತು. ಚಟ್ನಿಪುಡಿ ಕೊಟ್ಟು ಬರಬೇಕೆಂದು ಎದ್ದಳು, ಯಾರಾದರೂ ಫೈಲಿಗೆ ಬಂದರೆ ಎಂದು ಕೂತಳು. ತಾನೂ ಉಣ್ಣಲಿಲ್ಲ. ಎರಡು ಗಂಟೆಗೆ ಕೊಟ್ಟೂರೇಶ ಬರುವುದು ಕಂಡಿತು. ಶಾಂತಕ್ಕ ಸ್ಟೂಲನ್ನು ಅವನ ಕಡೆಗೆ ಸ್ವಲ್ಪ ಸರಿಸಿದಳು.

ಅವನು ಸ್ಟೂಲಿನ ಆಚೆಗೇ ನಿಂತ. ಎಮ್ಮೆಯ ಪ್ರಕರಣದಿಂದ ಅವನಿಗೂ ಮನಸ್ಸಿಗೆ ಹತ್ತಿಕೊಂಡಿತ್ತೋ ಏನೋ, ಮುಖ ಬಿಗಿಯಾಗಿತ್ತು. ಒಂದು ಚೀಟಿಯಲ್ಲಿ ಬರೆದುಕೊಂಡು ಬಂದದ್ದನ್ನು ನೋಡಿ ಹೇಳಿದ.

"ಕೊಟ್ಟೂರೇಶ. ಹಾಲಿನ ಸಂಘ. ಹಾಲು ಹಾಕಿದವರ ಹೆಸರು ಸೇರಿಸುವುದು."

ಅವಳು ಹೊಡೆದಳು. ಅವನ ಉತ್ತರ ಒಂದು ಸಾಲು, ಸರಿಯಾಗಿ ಒಂದೇ ಸಾಲು, ಪರದೆಯ ಅಂಚಿಗೆ ತಾಗದಷ್ಟು. ನಲವತ್ತು ಸಾಲು ಮುಗಿಯುತ್ತ ಬಂತು. ಮುಗಿದರೆ ಅವನು ಹೋಗುತ್ತಾನೆ. ಮಗಳ ಶಾಲೆ, ಅವಳ ಕೆಮ್ಮು, ಶಾಮನೂರಿನ ರಸ್ತೆ, ಇಷ್ಟೆಲ್ಲ ಕೇಳಬೇಕೆಂದುಕೊಂಡವಳಿಗೆ ಯಾವುದನ್ನು ಎಲ್ಲಿಂದ ಹಿಡಿಯಬೇಕೋ ತಿಳಿಯಲಿಲ್ಲ. ಬೆರಳು ನಿಲ್ಲಿಸಿ, ತಲೆ ಎತ್ತಿ, ಎಲ್ಲಕ್ಕಿಂತ ಸುಲಭವಾದದ್ದನ್ನು ಕೇಳಿದಳು.

"ಊಟ ಆತೇನು, ಕೊಟ್ಟೂರೇಶ?"

ಅವನು ಚೀಟಿ ನೋಡಿದ. ಹಿಂದೆ ಮುಂದೆ ತಿರುವಿ ನೋಡಿದ. ತಮಾಷೆ ಮಾಡುವ ಮುಖವಲ್ಲ ಅದು.

"ಅದನ್ನೂ ಫೈಲಿಗೆ ಹಾಕಬೇಕೇನ್ರಿ ಈಗ?" ಎಂದು ಕೇಳಿದ.

"ಇಲ್ಲಪ್ಪ, ಅದೇನು ಬೇಕಾಗಿಲ್ಲ" ಎಂದಳು ಶಾಂತಕ್ಕ, ಮತ್ತು ಉಳಿದ ಮೂರು ಸಾಲು ಹೊಡೆದು ಅವನ ಫೈಲು ಅವನಿಗೆ ಕೊಟ್ಟಳು.